ಕೊಂಡದ್ದಕ್ಕೆ ವರ್ಷವರ್ಷವೂ ಬೆಲೆಯೇ?

ಒಮ್ಮೆ ಹಣ ತೆತ್ತು ಕೊಂಡ ವಸ್ತುವು ಕೊಂಡವನದೆಂಬುದು ಲೋಕವ್ಯವಹಾರದ ಹಳೆಯ ನಿಯಮ. ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿ ಈ ನಿಯಮವು ಸಡಿಲಗೊಂಡಿದೆ. ಅನೇಕ ತಯಾರಕರು ತಮ್ಮ ತಂತ್ರಾಂಶವನ್ನು ವರ್ಷಕ್ಕೊಮ್ಮೆ ನವೀಕರಿಸಿ, ವರ್ಷಕ್ಕೊಮ್ಮೆ ಹಣವನ್ನೂ ಕೇಳುತ್ತಾರೆ. ಇದು ದುಡಿಮೆಗೆ ತಕ್ಕ ಪ್ರತಿಫಲವೇ, ಇಲ್ಲವೆ ಬಳಕೆದಾರನ ಅಸಹಾಯಕತೆಯಿಂದ ಪಡೆಯುವ ಲಾಭವೇ? ವಾಚಕರು ನಿಂತು ವಿಚಾರಿಸಬೇಕಾದ ಪ್ರಶ್ನೆಯಿದು.

ವರ್ಷಕ್ಕೊಮ್ಮೆ ಕೊಡುವುದೆಲ್ಲವೂ ಅನ್ಯಾಯವೆನ್ನಲಾಗದು. ನಮ್ಮ ಹಳ್ಳಿಗಳ ಆಯದ ಪದ್ಧತಿಯನ್ನು ನೆನೆಯಿರಿ. ಸುಗ್ಗಿಯಲ್ಲಿ ರೈತನು ಬಡಗಿಗೂ ಕಮ್ಮಾರನಿಗೂ ಕಣದಲ್ಲಿಯೇ ಕಾಳು ಅಳೆದುಕೊಡುತ್ತಿದ್ದನು; ಅವರು ವರ್ಷವಿಡೀ ಅವನ ನೇಗಿಲು ಕುಂಟೆಗಳನ್ನು ಸರಿಪಡಿಸಿಕೊಡುತ್ತಿದ್ದರು. ಆ ಪದ್ಧತಿಯು ದೋಷರಹಿತವಾಗಿತ್ತೆಂದಲ್ಲ. ಆದರೆ ಕಾಳು ಸಲ್ಲುತ್ತಿದ್ದುದು ದುಡಿಮೆಗೆ. ತಂತ್ರಾಂಶಕ್ಕೂ ಇಂಥ ದುಡಿಮೆ ಬೇಕಾಗುತ್ತದೆ. ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಾಗ, ಅಂಗಡಿಯ ಲೆಕ್ಕವಿಡುವ ತಂತ್ರಾಂಶಗಳನ್ನೆಲ್ಲ ಹೊಸ ನಿಯಮಗಳಿಗೆ ಹೊಂದಿಸಬೇಕಾಯಿತು. ಇದು ಹೊಸ ಕೆಲಸ. ಮಾಡಿದವನಿಗೆ ಕೂಲಿ ಸಲ್ಲಲೇಬೇಕು.

ಆದರೆ ಎರಡು ಸಂದರ್ಭಗಳಲ್ಲಿ ಈ ವಾದವು ನಿಲ್ಲುವುದಿಲ್ಲ.

ಮೊದಲನೆಯದು, ಮಾರಿದವನ ಲೋಪವನ್ನು ತಿದ್ದಲು ಕೊಂಡವನಿಂದಲೇ ಹಣ ಕೇಳುವುದು. ೨೦೧೫ರಲ್ಲಿ ಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅನಂತರದ ಒಂದು ವರ್ಷದ ಸುರಕ್ಷತಾ ತಿದ್ದುಪಡಿಗಳಿಗೆ ಅಮೆರಿಕದ ಗೃಹಬಳಕೆದಾರರಿಗೆ ೩೦ ಡಾಲರ್ ಬೆಲೆಯಿಟ್ಟಿತು. ಯಂತ್ರದ ಸಿದ್ಧತೆಗಳನ್ನು ಸಂಸ್ಥೆಯ ಖಾತೆಯಲ್ಲಿ ಇರಿಸಲೊಪ್ಪಿದವರಿಗೆ ಹಣ ಬೇಡವೆಂದಿತು. ಹತ್ತು ವರ್ಷಗಳ ಕಾಲ ಉಚಿತವಾಗಿ ತಿದ್ದಿದ್ದು ಸಣ್ಣ ಮಾತಲ್ಲ. ಯಾವ ತಯಾರಕನೂ ಕಡೆಯಿಲ್ಲದ ಹೊಣೆಯನ್ನು ಹೊರಲಾರನೆಂಬುದೂ ನಿಜ. ಆದರೂ ಕಳ್ಳನು ನುಗ್ಗುವ ಬಿರುಕು ಮನೆ ಕಟ್ಟಿದವನ ಕೆಲಸದಿಂದಲೇ ಉಂಟಾಗಿದ್ದರೆ ಅದನ್ನು ಮುಚ್ಚುವುದು ಅವನ ಕರ್ತವ್ಯವೇ ಹೊರತು ಹೊಸ ವ್ಯಾಪಾರವಲ್ಲ.

ಎರಡನೆಯದು, ಕೊಡದಿದ್ದವನ ಸ್ವಂತ ದುಡಿಮೆಗೆ ಅಡ್ಡಿಯಾಗುವುದು. ೨೦೧೩ರ ಮೇ ತಿಂಗಳಲ್ಲಿ ಅಡೋಬಿ ಸಂಸ್ಥೆಯು ಚಿತ್ರಕಲೆ, ಪುಟವಿನ್ಯಾಸ ಮೊದಲಾದವುಗಳ ತನ್ನ ತಂತ್ರಾಂಶಸಮೂಹದ ಹೊಸ ಆವೃತ್ತಿಗಳು ಇನ್ನು ಚಂದಾ ಕಟ್ಟುವವರಿಗೆ ಮಾತ್ರವೆಂದು ಸಾರಿತು. ಅದಕ್ಕೆ ಮೊದಲು, ಹಣವಿಲ್ಲದ ಮುದ್ರಕನು ಹೊಸದನ್ನು ಬಿಟ್ಟು ಹಳೆಯ ಆವೃತ್ತಿಯಲ್ಲಿಯೇ ಕೆಲಸ ಸಾಗಿಸಬಹುದಾಗಿತ್ತು. ಚಂದಾ ಪದ್ಧತಿಯಲ್ಲಾದರೋ ಕಂತು ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ತಾನೇ ರೂಪಿಸಿದ ಪುಟವನ್ನು ತಿದ್ದುವುದೂ ಅವನಿಗೆ ಕಷ್ಟವಾಗುತ್ತದೆ. ಆಯ ಸಲ್ಲದ ವರ್ಷ ಬಡಗಿಯು ನೇಗಿಲನ್ನು ಸರಿಪಡಿಸದೆ ಇರಬಹುದಿತ್ತು. ರೈತನ ಹೊಲಕ್ಕೆ ಬೇಲಿ ಹಾಕುತ್ತಿರಲಿಲ್ಲ.

ಆದ್ದರಿಂದ ಹೊಸ ಕೆಲಸಕ್ಕೆ ಹೊಸ ಬೆಲೆಯನ್ನು ಕೇಳಲಿ. ತನ್ನ ತಪ್ಪನ್ನು ಎಷ್ಟು ವರ್ಷ ತಿದ್ದಿಕೊಡುವೆನೆಂಬುದನ್ನು ಮಾರುವ ದಿನವೇ ತಿಳಿಸಲಿ. ಹಣ ನಿಂತ ಮೇಲೂ ಬಳಕೆದಾರನ ಬರಹ, ಲೆಕ್ಕ, ಚಿತ್ರಗಳು ಅವನ ಕೈಗೆ ದೊರೆಯುವಂತಿರಲಿ. ಇಷ್ಟಾದರೆ ವರ್ಷದ ಶುಲ್ಕವನ್ನು ಅನ್ಯಾಯವೆನ್ನುವಂತಿಲ್ಲ.

ನಮ್ಮ ಕಡೆಗೂ ಒಂದು ಮಾತು ಉಳಿದಿದೆ. ಬೆಲೆ ಹೆಚ್ಚೆಂಬ ನೆಪದಿಂದ ಕದ್ದ ಪ್ರತಿಗಳನ್ನು ಬಳಸುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ತಪ್ಪಾಗಿ ಕಾಣುವುದೇ ಇಲ್ಲ. ಒಪ್ಪಿಗೆಯಾಗದ ವಸ್ತುವನ್ನು ಬಿಟ್ಟುಬಿಡಬಹುದು. ಹಣ ಬೇಡದ ಮುಕ್ತ ತಂತ್ರಾಂಶಗಳೂ ಇವೆ. ಮಾರುವವನಿಂದ ನ್ಯಾಯವನ್ನು ಬಯಸುವ ನಾವು ಅವನ ದುಡಿಮೆಯನ್ನು ಕದಿಯುತ್ತ ಕುಳಿತರೆ, ಆ ನ್ಯಾಯವನ್ನು ಯಾವ ಬಾಯಿಂದ ಕೇಳೋಣ?