ಓದದೆ ಹಾಕುವ ರುಜು

ರುಜು ಎಂಬುದು ಎರಡೇ ಅಕ್ಷರದ ಮಾತು; ಅದರ ಭಾರ ಮಾತ್ರ ದೊಡ್ಡದು. ‘ನೋಡಿದ್ದೇನೆ, ಒಪ್ಪಿದ್ದೇನೆ, ಇದಕ್ಕೆ ನಾನೇ ಹೊಣೆ’ ಎಂಬ ಮೂರು ವಾಕ್ಯಗಳು ಅದರಲ್ಲಿ ಅಡಗಿವೆ. ನೋಡದೆಯೇ ಒಪ್ಪಿದರೆ? ಒಪ್ಪುವ ಕೆಲಸವನ್ನೂ ಯಂತ್ರಕ್ಕೆ ವಹಿಸಿಬಿಟ್ಟರೆ? ಆಗ ಹೊಣೆ ಯಾರ ಪಾಲಿಗೆ ಬರುತ್ತದೆ? ಇದು ತರ್ಕಶಾಸ್ತ್ರದ ಒಣ ಚರ್ಚೆಯಲ್ಲ. ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರ ಮುಂದೆ ದಿನ ಬೆಳಗಾದರೆ ಬಂದು ನಿಲ್ಲುವ ಪ್ರಶ್ನೆ. ಬ್ಯಾಂಕಿನ ಲೆಕ್ಕದಿಂದ ರೈಲಿನ ಟಿಕೆಟಿನವರೆಗೆ ಆ ತಂತ್ರಾಂಶವನ್ನೇ ನಂಬಿ ಬಾಳುತ್ತಿರುವ ನಮಗೂ ಅದು ದೂರದ್ದಲ್ಲ.

ಮನೆ ಕಟ್ಟಿಸುವವನು ಇಟ್ಟಿಗೆಯನ್ನು ತಾನೇ ಸುಡುವುದಿಲ್ಲವಷ್ಟೆ. ತಂತ್ರಾಂಶ ಬರೆಯುವವರೂ ಹಾಗೆಯೇ. ಅನ್ಯರು ಬರೆದು ಉಚಿತವಾಗಿ ಹಂಚಿದ ನೂರಾರು ತುಣುಕುಗಳನ್ನು ತಂದು ಜೋಡಿಸಿಕೊಳ್ಳುತ್ತಾರೆ. ಒಂದು ತುಣುಕು ಇನ್ನೊಂದನ್ನು ಆಶ್ರಯಿಸಿರುತ್ತದೆ, ಅದು ಮತ್ತೊಂದನ್ನು. 2016ರ ಮಾರ್ಚಿನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಕೇವಲ 11 ಸಾಲಿನ ತುಣುಕನ್ನು ಬರೆದವರು ಹಿಂತೆಗೆದುಕೊಂಡಾಗ, ಅದರ ಹೆಸರನ್ನೇ ಕೇಳದಿದ್ದ ಎಷ್ಟೋ ಮಂದಿಯ ಕೆಲಸ ನಿಂತುಹೋಯಿತು. ಈ ತುಣುಕುಗಳಿಗೆ ಆಗಾಗ ಹೊಸ ಆವೃತ್ತಿಗಳು ಬರುತ್ತವೆ. ಅವನ್ನು ಕಾದು ನೋಡಿ, ಬದಲಾವಣೆಯ ಕರಡನ್ನು ಸಿದ್ಧಪಡಿಸಿ, ಒಡೆಯನ ಮುಂದೆ ರುಜುವಿಗೆ ಇಡಲು ‘ಡಿಪೆಂಡಬಾಟ್’, ‘ರೆನೊವೇಟ್’ ಮೊದಲಾದ ಯಂತ್ರಗುಮಾಸ್ತರಿದ್ದಾರೆ. ಅಪ್ಪಣೆ ಕೊಟ್ಟರೆ, ಪರೀಕ್ಷೆಯಲ್ಲಿ ತೇರ್ಗಡೆಯಾದ ಕರಡಿಗೆ ಆ ರುಜುವನ್ನೂ ಯಂತ್ರವೇ ಹಾಕುವಂತೆ ಏರ್ಪಡಿಸಬಹುದು.

ಅಪ್ಪಣೆ ಕೊಡಬಹುದೆ? ತಡಮಾಡಿ ಕೆಟ್ಟವರುಂಟು. 2017ರ ಮಾರ್ಚಿನಲ್ಲಿ ‘ಅಪಾಚೆ ಸ್ಟ್ರಟ್ಸ್’ ಎಂಬ ತಂತ್ರಾಂಶದಲ್ಲಿದ್ದ ಕಿಂಡಿಯೂ ಅದನ್ನು ಮುಚ್ಚುವ ಉಪಾಯವೂ ಪ್ರಕಟವಾದವು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಲ್ಲಿ ಆ ಕಿಂಡಿ ತೆರೆದೇ ಉಳಿಯಿತು, ಸುಮಾರು 14.7 ಕೋಟಿ ಜನರ ಖಾಸಗಿ ವಿವರಗಳು ಕಳ್ಳರ ಕೈಸೇರಿದವು. ನಂಬಿ ಕೆಟ್ಟವರೂ ಉಂಟು. 2018ರಲ್ಲಿ ‘ಇವೆಂಟ್-ಸ್ಟ್ರೀಮ್’ ಎಂಬ ತುಣುಕಿನ ಉಸ್ತುವಾರಿಯನ್ನು ಅದರ ಕರ್ತೃ, ನೆರವಿಗೆ ಬಂದ ಅಪರಿಚಿತನಿಗೆ ವಹಿಸಿಕೊಟ್ಟರು. ಆತ ಅದರೊಳಗೆ ಬಿಟ್‌ಕಾಯಿನ್ ಕದಿಯುವ ಹಂಚಿಕೆಯನ್ನು ಹುದುಗಿಸಿದ. 2024ರಲ್ಲಿ ‘ಎಕ್ಸ್‌ಜೆಡ್’ ಎಂಬ ತುಣುಕಿನಲ್ಲಿ ಗುಪ್ತದ್ವಾರವೊಂದು ಸಿಕ್ಕಿತು. ಅದನ್ನಿಟ್ಟವನು ಎರಡು ವರ್ಷಕ್ಕೂ ಮೇಲ್ಪಟ್ಟು ಸೇವೆ ಮಾಡಿ ವಿಶ್ವಾಸ ಗಳಿಸಿದ್ದವನು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ, ಏಕೆ ಎಂದು ಕೆದಕಿ ನೋಡಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರನಿಂದ ಲೋಕ ಉಳಿಯಿತು.

ಎಲ್ಲವನ್ನೂ ಸಾಲುಸಾಲಾಗಿ ಓದಿಯೇ ಒಪ್ಪುತ್ತೇನೆಂದರೆ ಆಯುಷ್ಯ ಸಾಲದು. ಆದುದರಿಂದ ಬಲ್ಲವರು ನಡುದಾರಿ ಹಿಡಿದಿದ್ದಾರೆ: ಭದ್ರತೆಯ ತಿದ್ದುಪಡಿಯನ್ನು ಕೂಡಲೆ ಸ್ವೀಕರಿಸುವುದು, ಉಳಿದ ಹೊಸ ಆವೃತ್ತಿಗಳನ್ನು ಕೆಲವು ದಿನ ಕಾಯಿಸುವುದು. ಅಷ್ಟರೊಳಗೆ ಮೋಸವಿದ್ದರೆ ಬಯಲಾದೀತೆಂದು ನಿರೀಕ್ಷೆ. ವಿವೇಕದ ಮಾತೇ. ಆದರೆ ಎಲ್ಲರೂ ಕಾದು ಕುಳಿತರೆ ಬಯಲು ಮಾಡುವವರು ಯಾರು? ಹಿಂದೆ ಅರಸರು ಊಟಕ್ಕೆ ಮೊದಲು ಸೇವಕನಿಗೆ ಒಂದು ತುತ್ತು ತಿನ್ನಿಸಿ ವಿಷ ಪರೀಕ್ಷೆ ಮಾಡುತ್ತಿದ್ದರಂತೆ. ನಮ್ಮ ಕಾಯುವಿಕೆಯೂ ಅನ್ಯರಿಗೆ ಮೊದಲ ತುತ್ತು ತಿನ್ನಿಸುವ ಜಾಣತನವಾಗಬಾರದಷ್ಟೆ. ಕಾಯುವ ದಿನಗಳಲ್ಲಿ, ನಮ್ಮ ಕಟ್ಟಡದ ಭಾರ ಹೊತ್ತ ನಾಲ್ಕು ತುಣುಕುಗಳನ್ನಾದರೂ ತೆರೆದು ನೋಡಿ, ಕಂಡದ್ದನ್ನು ನಾಲ್ವರಿಗೆ ತಿಳಿಸುವವನು ಮಾತ್ರ ಕಾಯಲು ಅರ್ಹ.

ಮೇಲಿನ ಎರಡು ಮೋಸಗಳಲ್ಲಿಯೂ ಇನ್ನೊಂದು ಸಂಗತಿ ಇದೆ. ಎರಡೂ ಕಡೆ ಕಳ್ಳನಿಗೆ ಬಾಗಿಲು ತೆರೆದುದು, ಕೂಲಿಯಿಲ್ಲದೆ ಒಂಟಿಯಾಗಿ ದುಡಿದು ಬಿಡುವಿಲ್ಲದಾದವನಿಗೆ ನೆರವು ಬೇಕಾಗಿದ್ದ ಸಮಯ. ಅವನ ಶ್ರಮದ ಮೇಲೆ ಮಹಡಿ ಕಟ್ಟಿದವರು ಆಗ ಎಲ್ಲಿದ್ದರು? ನೆರವಿಗೆ ಬಂದವನು ಕಳ್ಳನೊಬ್ಬನೇ ಎಂಬುದು ಉಳಿದವರಿಗೆ ನಾಚಿಕೆಯ ವಿಷಯವಲ್ಲವೆ? ಅಂಥವನಿಗೆ ಹಣದಿಂದಲೋ ಕೈಕೆಲಸದಿಂದಲೋ ಆಸರೆಯಾಗುವುದು ದಾನವಲ್ಲ, ಬಳಸಿಕೊಂಡವರ ಋಣ.

ಯಂತ್ರ ಕರಡು ಬರೆಯಲಿ, ಪರೀಕ್ಷಿಸಲಿ, ನೆನಪಿಸಲಿ. ಅದು ಮನುಷ್ಯನಿಗಿಂತ ಚೆನ್ನಾಗಿ ಆ ಕೆಲಸ ಮಾಡುತ್ತದೆ. ಆದರೆ ಕೆಟ್ಟ ದಿನ ಬಂದಾಗ ಜನರ ಎದುರು ನಿಂತು ಉತ್ತರ ಹೇಳಲು ಅದಕ್ಕೆ ಬಾರದು. ಉತ್ತರ ಹೇಳಬೇಕಾದವನು ಎಲ್ಲವನ್ನೂ ಓದಿರಲಾರ. ತಾನು ಯಾರನ್ನು, ಏಕೆ ನಂಬಿದೆನೆಂಬುದನ್ನಾದರೂ ಬಲ್ಲವನಾಗಿರಬೇಕು. ಅಷ್ಟೂ ತಿಳಿಯದೆ ಹಾಕಿದ್ದು ರುಜುವಲ್ಲ, ಬರಿಯ ಗೀಚು.