ನಿದ್ರೆಯ ನಿಯಮವೂ ಮನಸ್ಸಿನ ಪ್ರಸನ್ನತೆಯೂ

ಮುಂಜಾನೆ ಮನೆಯವರ ಮೇಲೆ ಸಿಡುಕುವವನನ್ನು ಲೋಕವು ಮುಂಗೋಪಿಯೆಂದು ಕರೆಯುವುದುಂಟು. ಆ ಸಿಡುಕಿಗೆ ಸ್ವಭಾವವೇ ಕಾರಣವೋ, ಕೆಟ್ಟ ನಿದ್ರೆಯೋ ಎಂದು ವಿಚಾರಿಸುವವರು ವಿರಳ.

ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹದ ಮೂರು ಆಧಾರಗಳೆಂದು ಎಣಿಸಿದೆ. ಗೀತೆಯ ಆರನೆಯ ಅಧ್ಯಾಯವು ನಿದ್ರೆ ಎಚ್ಚರಗಳ ಹದವನ್ನು ಯೋಗದ ಅಂಗವಾಗಿಯೇ ಹೇಳುತ್ತದೆ. ದೇಹದೊಳಗಿನ ದಿನಗಡಿಯಾರದ ಮರ್ಮವನ್ನು ತೋರಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನವು ಸಂದಿತು. ಬೆಳಕು ಕತ್ತಲೆಗಳನ್ನು ಅನುಸರಿಸುವ ಈ ಗಡಿಯಾರವು, ಮಲಗುವ ವೇಳೆ ದಿನಕ್ಕೊಂದಾದರೆ ಹದಗೆಡುತ್ತದೆ. ಅಲ್ಪ ಕಾರಣಕ್ಕೂ ಕೋಪ ಬೇಸರಗಳು ತಲೆದೋರುತ್ತವೆ.

ಆದುದರಿಂದ ವೇಳೆಗೆ ಮಲಗುವುದು ಕೇವಲ ಆರೋಗ್ಯದ ಮಾತಲ್ಲ; ಜೊತೆಯವರಿಗೆ ಸಲ್ಲಿಸತಕ್ಕ ಧರ್ಮವೂ ಅಹುದು. ಹೊತ್ತು ತನ್ನ ಕೈಯಲ್ಲಿದ್ದೂ ಮೊಬೈಲು ನೋಡುತ್ತ ನಡುರಾತ್ರಿ ಮಾಡುವವನು ಆ ಧರ್ಮಕ್ಕೆ ತಪ್ಪಿದವನೇ ಸರಿ.

ಆದರೆ ಹೊತ್ತು ಎಲ್ಲರ ಕೈಯಲ್ಲಿಯೂ ಇರುವುದೇ? ಕಿಬ್ಬನಹಳ್ಳಿಯ ಸೀಮೆಯ ತೆಂಗಿನ ತೋಟಗಾರನನ್ನು ನೋಡಬೇಕು. ಪಂಪಿನ ತ್ರೀಫೇಸ್ ಕರೆಂಟು ರಾತ್ರಿಯ ಪಾಳಿಯಲ್ಲಿ ಬಂದರೆ ಅವನು ಸರಿಹೊತ್ತಿನಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ನಡೆಯಲೇಬೇಕು. ಮಕ್ಕಳಂತೆ ಸಾಕಿದ ಮರಗಳನ್ನು ಒಣಗಗೊಡುವುದೆಂತು? ಬೆಳಗ್ಗೆ ಅವನು ಮಗನ ಮೇಲೆ ರೇಗಿದರೆ ಆ ದೋಷವನ್ನು ಅವನೊಬ್ಬನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಅಂತಹವನಿಗೆ ಬೇಕಾದುದು ಉಪದೇಶವಲ್ಲ; ಮನೆಯವರ ಸಹನೆ, ಮಧ್ಯಾಹ್ನ ಒಂದು ಗಳಿಗೆಯ ನಿಶ್ಶಬ್ದ, ಹಗಲಿನಲ್ಲಿ ದೊರೆಯುವ ವಿದ್ಯುತ್ತು. ತನ್ನ ನಿದ್ರೆಗೆ ನಿಯಮವನ್ನಿಟ್ಟುಕೊಂಡವನು ಇನ್ನೊಬ್ಬನ ನಿದ್ರೆಯನ್ನೂ ಕಾಯಬಲ್ಲವನಾದರೆ ಮಾತ್ರ ಅವನ ಶೀಲವು ಪೂರ್ಣವಾಯಿತೆನ್ನಬಹುದು.