ಕ್ಷಮೆಯೂ ನಷ್ಟಪರಿಹಾರವೂ

ತನ್ನ ವಸ್ತುವಿಗೆ ಅನ್ಯರ ಕೈಯಿಂದ ಹಾನಿಯೊದಗಿದಾಗ ಶ್ರಾವಕನು ಪರಿಹಾರವನ್ನು ಕೇಳಬಹುದೇ? ಅಥವಾ ಉತ್ತಮ ಕ್ಷಮೆಯನ್ನು ನೆನೆದು ಸುಮ್ಮನಿರಬೇಕೇ? ಈ ಪ್ರಶ್ನೆಯು ಹಳೆಯದು. ಅದು ನಮ್ಮ ಮನೆಬಾಗಿಲಿಗೆ ಬರುವ ರೂಪವು ಮಾತ್ರ ಕಾಲಕಾಲಕ್ಕೆ ಬದಲಾಗುತ್ತದೆ. ಹಿಂದೆ ಇಸ್ತ್ರಿಯಲ್ಲಿ ಸುಟ್ಟ ರೇಷ್ಮೆಯ ಸೀರೆ, ಕಲಾಯಿಯಲ್ಲಿ ಕೆಟ್ಟ ಪಾತ್ರೆ ಈ ಪ್ರಶ್ನೆಯನ್ನು ಎತ್ತುತ್ತಿದ್ದವು. ಇಂದು ತೊಳೆಯಲು ಬಿಟ್ಟ ಕಾರಿನ ಗಾಲಿಗಳು ಅದೇ ಪ್ರಶ್ನೆಯನ್ನು ಎತ್ತುತ್ತಿವೆ. ವಿಷಯವು ಚಿಕ್ಕದೆಂದು ತೋರಬಹುದು. ಆದರೆ ವ್ರತಗಳ ಪರೀಕ್ಷೆಯು ಪರ್ವದ ದಿನಗಳಿಗಿಂತ ಇಂತಹ ಚಿಕ್ಕ ವ್ಯವಹಾರಗಳಲ್ಲಿಯೇ ಹೆಚ್ಚಾಗಿ ನಡೆಯುತ್ತದೆ ಎಂಬುದನ್ನು ವಾಚಕರು ಬಲ್ಲರು.

ದೃಷ್ಟಾಂತಕ್ಕಾಗಿ ರಾಯಚೂರು ಜಿಲ್ಲೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಸೇರಿದ ವಳಕಮದಿನ್ನಿಯಂತಹ ಊರನ್ನು ತೆಗೆದುಕೊಳ್ಳೋಣ. ಅದು ಎರೆಮಣ್ಣಿನ ಸೀಮೆ. ಒಂದು ಹದ ಮಳೆಯಾದರೆ ಸಾಕು, ಮಣ್ಣು ಗಾಲಿಗೆ ಮೆತ್ತಿಕೊಂಡು, ಬಿಸಿಲಿಗೆ ಒಣಗಿ ಕಲ್ಲಿನಂತಾಗುತ್ತದೆ. ಅಲ್ಲಿಯ ಗೃಹಸ್ಥನೊಬ್ಬನು ಮದುವೆಗೆ ಹೊರಡುವ ಮುನ್ನ ತಾಲ್ಲೂಕು ಪಟ್ಟಣದ ವಾಹನ ತೊಳೆಯುವ ಅಂಗಡಿಗೆ ಕಾರನ್ನು ಒಪ್ಪಿಸಿದನೆಂದು ಇಟ್ಟುಕೊಳ್ಳಿರಿ. ಮರಳಿ ಬಂದು ನೋಡಿದರೆ ಮೈಯೆಲ್ಲ ಹೊಳೆಯುತ್ತಿದೆ. ಗಾಲಿಗಳ ಮೇಲೆ ಮಾತ್ರ ಹಾಲು ಚೆಲ್ಲಿದಂತೆ ಬಿಳಿಯ ಕಲೆಗಳು. ಒರೆಸಿದರೂ ಹೋಗುವುದಿಲ್ಲ. ಆಗ ಆತನು ಏನು ಮಾಡಬೇಕು?

ಧರ್ಮವಿಚಾರಕ್ಕೆ ಮೊದಲು ವಸ್ತುವಿಚಾರವು ಆಗಬೇಕು. ಏನಾಯಿತೆಂದು ತಿಳಿಯದವನು ಯಾರ ದೋಷವೆಂದು ಹೇಳಲಾರನು. ಇಂದಿನ ಅನೇಕ ಕಾರುಗಳ ಗಾಲಿಗಳು ಉಕ್ಕಿನವಲ್ಲ. ಸಾಮಾನ್ಯವಾಗಿ ಅವು ಅಲ್ಯೂಮಿನಿಯಮ್‌ನಲ್ಲಿ ಶೇಕಡ 7ರಷ್ಟು ಸಿಲಿಕಾನನ್ನೂ ಅತ್ಯಲ್ಪ ಮೆಗ್ನೀಸಿಯಮನ್ನೂ ಬೆರೆಸಿ ಎರಕ ಹೊಯ್ದ ಮಿಶ್ರಲೋಹದವು. ಅಲ್ಯೂಮಿನಿಯಮ್ ಗಾಳಿಗೆ ತಾಗಿದೊಡನೆ ತನ್ನ ಮೈಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆಯನ್ನು ಬೆಳೆಸಿಕೊಳ್ಳುತ್ತದೆ. ಆ ಪೊರೆಯೇ ಅದರ ಕವಚ. ಸಾಧಾರಣ ನೀರಿಗೆ ಅದು ಜಗ್ಗದು. ಆದರೆ ಪ್ರಬಲವಾದ ಆಮ್ಲದಲ್ಲಿಯೂ ಕರಗುತ್ತದೆ, ಪ್ರಬಲವಾದ ಕ್ಷಾರದಲ್ಲಿಯೂ ಕರಗುತ್ತದೆ. ಇದಕ್ಕಾಗಿಯೇ ಕಾರ್ಖಾನೆಯವರು ಲೋಹದ ಮೇಲೆ ಬಣ್ಣವನ್ನೂ ಅದರ ಮೇಲೆ ಪಾರದರ್ಶಕವಾದ ಲೇಪವನ್ನೂ ಕೊಡುತ್ತಾರೆ. ಬ್ರೇಕುಗಳಿಂದ ಉದುರುವ ಪುಡಿಯು ಬಿಸಿಯಾಗಿ ಈ ಲೇಪಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಲು ಹೊತ್ತು ಬೇಕು. ಆ ಹೊತ್ತನ್ನು ಉಳಿಸಲೆಂದೇ ತೀಕ್ಷ್ಣವಾದ ರಾಸಾಯನಿಕವನ್ನು ಸಿಂಪಡಿಸುವ ರೂಢಿಯು ಬಂದಿತು. ದ್ರವವನ್ನು ಸಾಕಷ್ಟು ತಿಳಿಯಾಗಿಸದೆ ಬಳಸಿದರೆ, ಓಡಿ ಬಂದ ಗಾಲಿಯು ಆರುವ ಮುನ್ನವೇ ಎರಚಿದರೆ, ಬಿಸಿಲಿನಲ್ಲಿ ಅಲ್ಲಿಯೇ ಒಣಗಲು ಬಿಟ್ಟರೆ, ಲೇಪವು ಮಸುಕಾಗುತ್ತದೆ. ಲೇಪವು ಮೊದಲೇ ಬಿರಿದಿದ್ದರೆ ಲೋಹವೂ ಸವೆಯುತ್ತದೆ. ಇದು ಕೊಳೆಯಲ್ಲ, ಗಾಯ. ಆದುದರಿಂದಲೇ ತೊಳೆದರೆ ಹೋಗುವುದಿಲ್ಲ.

ಇನ್ನು ದೋಷವು ಯಾರದು? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಮುಂದಿಟ್ಟಿದೆ. ಕೆಡಿಸಬೇಕೆಂಬ ಸಂಕಲ್ಪವಿಲ್ಲದಿದ್ದರೂ ಎಚ್ಚರದಪ್ಪಿದ ಪ್ರವೃತ್ತಿಯು ದೋಷವೇ ಎಂಬ ವಿವೇಕವು ಅಲ್ಲಿಂದ ನಮಗೆ ದೊರೆಯುತ್ತದೆ. ಗಾಲಿಯು ಅಜೀವವಾದುದರಿಂದ ಅದರ ಹಾನಿಯನ್ನು ಹಿಂಸೆಯೆನ್ನಲಾಗದು. ಆದರೆ ಪ್ರಮಾದವು ಪ್ರಮಾದವೇ. ಈಗ ಆ ಅಂಗಡಿಯೊಳಗೆ ಇಣುಕಿ ನೋಡಿರಿ. ದ್ರವವನ್ನು ಎರಚಿದವನು ಹೆಚ್ಚಾಗಿ ದಿನಗೂಲಿಯ ತರುಣ. ಆತನ ಕೈಯಲ್ಲಿರುವ ಡಬ್ಬಿಯ ಮೇಲೆ ಹೆಸರೂ ಇಲ್ಲದಿರಬಹುದು. ಅದರೊಳಗೇನಿದೆ, ಎಷ್ಟು ನೀರು ಬೆರೆಸಬೇಕು ಎಂದು ಆತನಿಗೆ ಯಾರೂ ಹೇಳಿಲ್ಲದಿರಬಹುದು. ಗಾಲಿ ತೊಳೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಮ್ ಬೈಫ್ಲೋರೈಡೋ ಇರುತ್ತದೆ. ತಿಳಿಯಾದ ಹೈಡ್ರೋಫ್ಲೋರಿಕ್ ಆಮ್ಲವು ಚರ್ಮಕ್ಕೆ ತಾಗಿದ ಕ್ಷಣದಲ್ಲಿ ಉರಿಯದೆ, ಗಂಟೆಗಳು ಕಳೆದ ಮೇಲೆ ಕಡುನೋವನ್ನುಂಟುಮಾಡಬಲ್ಲುದು. ಅದು ಒಳಗಿಳಿದು ದೇಹದ ಕ್ಯಾಲ್ಸಿಯಮ್ ಅಂಶವನ್ನು ಹಿಡಿಯುತ್ತದೆ. ಇದಕ್ಕೆ ಕೂಡಲೇ ಧಾರಾಳವಾದ ನೀರಿನಿಂದ ತೊಳೆಯುವುದು, ಕ್ಯಾಲ್ಸಿಯಮ್ ಗ್ಲೂಕೋನೇಟ್ ಲೇಪ, ಆಸ್ಪತ್ರೆಯ ಚಿಕಿತ್ಸೆ ಅವಶ್ಯ. ಲೋಹವನ್ನು ಕೆಡಿಸಿದ ದ್ರವವು ಕೈಯನ್ನು ಬಿಟ್ಟೀತೇ? ಗಾಲಿಯ ಕಲೆಯನ್ನು ಕಂಡ ಗೃಹಸ್ಥನು ಮೊದಲು ಆ ತರುಣನ ಕೈಗಳನ್ನು ನೋಡಬೇಕು. ಅದೇ ಅಹಿಂಸಾಣುವ್ರತದ ಮೊದಲ ಕರ್ತವ್ಯ.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡದ ಭೇದಗಳಲ್ಲಿ ಹಿಂಸಾದಾನವನ್ನು ಎಣಿಸಿದ್ದಾರೆ. ಆಯುಧ, ಬೆಂಕಿ, ವಿಷ ಮೊದಲಾದವುಗಳನ್ನು ಇತರರ ಕೈಗೆ ಕೊಡುವುದು ಅದರಲ್ಲಿ ಸೇರುತ್ತದೆ. ಕೈಗವಸನ್ನೂ ತಿಳಿವಳಿಕೆಯನ್ನೂ ಕೊಡದೆ ಆಮ್ಲದ ಡಬ್ಬಿಯನ್ನು ಮಾತ್ರ ಕೂಲಿಯವನ ಕೈಗಿಡುವ ಒಡೆಯನು ಇದಕ್ಕೆ ಬಹು ದೂರದವನಲ್ಲ. ಲೋಕದ ನ್ಯಾಯವೂ ಇದೇ ಮಾತನ್ನು ಬೇರೆ ಬಗೆಯಲ್ಲಿ ಹೇಳುತ್ತದೆ: ಕೆಲಸದ ವೇಳೆಯಲ್ಲಿ ಆಳಿನ ಅಲಕ್ಷ್ಯದಿಂದ ಆದ ನಷ್ಟಕ್ಕೆ ಒಡೆಯನು ಹೊಣೆ. ಆದುದರಿಂದ ಪರಿಹಾರವನ್ನು ಕೇಳುವುದಾದರೆ ಅಂಗಡಿಯ ಒಡೆಯನನ್ನು ಕೇಳಬೇಕು. ‘ಆ ಹುಡುಗನ ಕೂಲಿಯಲ್ಲಿ ಹಿಡಿದುಕೊಳ್ಳುತ್ತೇನೆ’ ಎಂದು ಆತನು ಹೇಳಿದರೆ, ‘ಅದು ನನಗೆ ಸಮ್ಮತವಲ್ಲ’ ಎಂದು ಸ್ಪಷ್ಟವಾಗಿ ಹೇಳಬೇಕು.

ಇಲ್ಲಿ ಶಂಕೆಯೊಂದು ಹುಟ್ಟುತ್ತದೆ. ಗಾಲಿಯು ಪರಿಗ್ರಹ, ಅದರ ಮೋಹವನ್ನು ಬಿಡಬೇಕಾದ ಶ್ರಾವಕನು ಅದಕ್ಕಾಗಿ ವಾದಕ್ಕಿಳಿಯುವುದು ಯುಕ್ತವೇ? ಕೇಳದೆ ಬಿಡುವುದೇ ಕ್ಷಮೆಯಲ್ಲವೇ?

ಸಮಾಧಾನವೇನೆಂದರೆ, ಕ್ಷಮೆಯ ನೆಲೆಯು ತನ್ನ ಆತ್ಮದಲ್ಲಿದೆ. ಕ್ರೋಧಕಷಾಯದ ಉಪಶಮವೇ ಅದರ ಸ್ವರೂಪ. ಪರಿಹಾರದ ನೆಲೆಯು ಇಬ್ಬರ ನಡುವಿನ ವ್ಯವಹಾರದಲ್ಲಿದೆ. ಒಂದಿದ್ದರೆ ಇನ್ನೊಂದು ಇರಕೂಡದೆಂಬ ನಿಯಮವಿಲ್ಲ. ಕ್ರೋಧವಿಲ್ಲದೆ ಕೇಳಬಹುದು, ಕೇಳದೆಯೂ ವರ್ಷಗಟ್ಟಲೆ ಕ್ರೋಧವನ್ನು ಹೊತ್ತಿರಬಹುದು. ಬಾಯಿಬಿಟ್ಟು ಕೇಳದೆ ಮನೆಗೆ ಬಂದು, ಹತ್ತು ಜನರ ಮುಂದೆ ಆ ಅಂಗಡಿಯವನನ್ನು ಹಳಿಯುವವನು ಏನನ್ನು ಕ್ಷಮಿಸಿದಂತಾಯಿತು? ಅದು ಪರಿವಾದ, ಸತ್ಯಾಣುವ್ರತದ ಅತಿಚಾರ. ನಾಚಿಕೆಯಿಂದ, ಆಲಸ್ಯದಿಂದ, ಜಗಳದ ಭಯದಿಂದ ಸುಮ್ಮನಿರುವುದಕ್ಕೆ ಕ್ಷಮೆಯೆಂಬ ದೊಡ್ಡ ಹೆಸರನ್ನಿಡುವುದು ಆತ್ಮವಂಚನೆ. ಮೇಲಾಗಿ ನಾವು ಸುಮ್ಮನಾದರೆ ಆ ಡಬ್ಬಿಯು ಅಲ್ಲಿಯೇ ಉಳಿಯುತ್ತದೆ. ನಾಳೆ ಮತ್ತೊಬ್ಬರ ಗಾಲಿಯೂ ಅದೇ ತರುಣನ ಕೈಯೂ ಅದಕ್ಕೆ ಗುರಿಯಾಗುತ್ತವೆ. ನಷ್ಟವನ್ನು ನಿಜವಾಗಿ ಬಿಟ್ಟುಕೊಡಬಲ್ಲವನು ಬಿಟ್ಟುಕೊಡಲಿ, ಅದು ಆತನ ಔದಾರ್ಯ. ಆದರೆ ಬಿಟ್ಟೆನೆಂದು ಎದುರಿಗೇ ಹೇಳಿ, ಕಾರಣವನ್ನೂ ತಿಳಿಸಿ ಬಿಡಬೇಕು.

ಈ ವಿವೇಕವು ಆ ಸೀಮೆಗೆ ಹೊಸತೂ ಅಲ್ಲ. ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ದೇವಾನಾಂಪ್ರಿಯನೇ ಅಶೋಕನೆಂಬುದು ದೃಢಪಟ್ಟ ಸಂಗತಿಯು ಪ್ರಸಿದ್ಧವಾಗಿದೆ. ಅದೇ ಅರಸನು ಕಾಲ್ಸಿ, ಶಾಹಬಾಜ್‌ಗಢಿ ಮುಂತಾದೆಡೆಗಳಲ್ಲಿರುವ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ, ಅಪಕಾರ ಮಾಡಿದವನನ್ನೂ ಸಹಿಸಲು ಸಾಧ್ಯವಿರುವ ಮಟ್ಟಿಗೆ ಸಹಿಸಬೇಕೆಂಬ ಭಾವವನ್ನು ಪ್ರಕಟಿಸಿ, ಜೊತೆಗೇ ತಪ್ಪನ್ನು ತಿದ್ದಿಕೊಳ್ಳಬೇಕೆಂದು ಎಚ್ಚರಿಸಿದ್ದಾನೆ. ಕ್ಷಮಿಸುವವನು ತಪ್ಪನ್ನು ತಪ್ಪಲ್ಲವೆಂದು ಹೇಳಬೇಕಾಗಿಲ್ಲ.

ಎರಡನೆಯ ಶಂಕೆ: ಎಷ್ಟನ್ನು ಕೇಳಬೇಕು? ಇಲ್ಲಿಯೇ ಕೇಳುವವನ ಪರೀಕ್ಷೆಯು ಆರಂಭವಾಗುತ್ತದೆ. ಗಾಲಿಯ ಹೊರ ಅಂಚಿನ ಗೀರುಗಳು ಸಾಮಾನ್ಯವಾಗಿ ರಸ್ತೆಬದಿಯ ಕಲ್ಲಿಗೆ ಒರಸಿದ್ದರಿಂದ ಆದವು. ಆಮ್ಲದ ಕಲೆಯು ಅರೆಗಳ ಮೇಲೆ, ನಟ್ಟುಗಳ ಸುತ್ತ, ದ್ರವವು ಇಳಿದ ದಾರಿಯಲ್ಲಿ ಕಾಣುತ್ತದೆ. ಹಳೆಯ ಗೀರನ್ನು ಹೊಸ ಕಲೆಯೊಂದಿಗೆ ಸೇರಿಸಿ ಹೇಳುವುದು ಅಸತ್ಯ. ಎರಡು ಗಾಲಿಗಳು ಕೆಟ್ಟಿದ್ದರೆ ಎರಡರ ಲೆಕ್ಕವನ್ನೇ ಕೊಡಬೇಕು. ಲೇಪವನ್ನು ಕೆರೆದು ಮರಳಿ ಬಣ್ಣ ಕೊಡುವುದರಿಂದ ಸರಿಹೋಗುವಂತಿದ್ದರೆ ಹೊಸ ಗಾಲಿಗಳ ಬೆಲೆಯನ್ನು ಕೇಳಕೂಡದು. ಎಂಟು ವರ್ಷ ಓಡಿದ ಗಾಲಿಗೆ ಹೊಸದರ ಬೆಲೆಯನ್ನು ಪಡೆಯುವುದು ನಷ್ಟದ ಹೆಸರಿನಲ್ಲಿ ಲಾಭ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂಬುದೊಂದಿದೆ: ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ. ನಷ್ಟವನ್ನು ಅಳೆಯುವುದರಲ್ಲಿಯೂ ಈ ಅತಿಚಾರವು ನುಸುಳಬಲ್ಲದು. ಪರಿಚಿತನಾದ ಮೆಕ್ಯಾನಿಕ್ಕಿನಿಂದ ಹೆಚ್ಚಿಗೆ ಬರೆಸಿಕೊಂಡ ಅಂದಾಜುಪಟ್ಟಿಯನ್ನು ಕೂಟಲೇಖವೆನ್ನದೆ ಮತ್ತೇನೆನ್ನಬೇಕು?

1872ರ ಭಾರತೀಯ ಕರಾರು ಅಧಿನಿಯಮದಲ್ಲಿಯೂ ಈ ಸಮತೋಲವನ್ನು ಕಾಣಬಹುದು. ಒಪ್ಪಿಸಿಕೊಂಡ ವಸ್ತುವನ್ನು, ಸಾಧಾರಣ ವಿವೇಕಿಯು ಅಂಥದೇ ತನ್ನ ವಸ್ತುವನ್ನು ಹೇಗೆ ಜೋಪಾನ ಮಾಡುವನೋ ಹಾಗೆ ಜೋಪಾನ ಮಾಡಬೇಕೆಂದು ಅದರ 151ನೆಯ ಕಲಮು ಹೇಳುತ್ತದೆ. ಅದಕ್ಕೆ ಮೊದಲಿನ 150ನೆಯ ಕಲಮು, ವಸ್ತುವಿನಲ್ಲಿ ತನಗೆ ತಿಳಿದಿರುವ, ಅದರ ಬಳಕೆಗೆ ಅಡ್ಡಿಯಾಗುವ ಅಥವಾ ಒಪ್ಪಿಸಿಕೊಂಡವನಿಗೆ ಅಪಾಯ ತರುವ ದೋಷಗಳನ್ನು ಒಪ್ಪಿಸುವವನು ಮೊದಲೇ ತಿಳಿಸಬೇಕೆನ್ನುತ್ತದೆ. ಹಾನಿಯನ್ನು ಕಡಿಮೆ ಮಾಡಲು ತನ್ನ ಕೈಯಲ್ಲಿದ್ದ ಉಪಾಯಗಳನ್ನು ನಷ್ಟಹೊಂದಿದವನು ಬಳಸಿದನೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು 73ನೆಯ ಕಲಮಿನ ವಿವರಣೆ. ಆದುದರಿಂದ ಕಲೆಯನ್ನು ಕಂಡ ಕೂಡಲೇ ಗಾಲಿಯನ್ನು ಧಾರಾಳವಾದ ಶುದ್ಧಜಲದಿಂದ ತೊಳೆಯಿಸಬೇಕು. ಒಳಗೆ ಉಳಿದ ದ್ರವವು ಮತ್ತಷ್ಟು ತಿನ್ನದಿರಲಿ. ಅಲ್ಲಿಯೇ ಚಿತ್ರಗಳನ್ನು ತೆಗೆಯಬೇಕು, ರಸೀದಿಯನ್ನು ಇಟ್ಟುಕೊಳ್ಳಬೇಕು, ದ್ರವದ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ಒಡೆಯನು ನೋಡುವ ಮೊದಲೇ ಬೇರೆಡೆ ಉಜ್ಜಿಸಿ ಸಾಕ್ಷ್ಯವನ್ನು ಅಳಿಸಬಾರದು. ಟೈರಿನ ಪಕ್ಕದಲ್ಲಿ ಸೀಳು ಕಂಡರೆ, ಗಾಳಿ ಇಳಿಯುತ್ತಿದ್ದರೆ, ಅಂದದ ಮಾತು ಬಿಟ್ಟು ಮೊದಲು ಬಲ್ಲವರಿಗೆ ತೋರಿಸಬೇಕು. ಅದು ಕುಳಿತವರ ಪ್ರಾಣದ ಪ್ರಶ್ನೆ. ಇಬ್ಬರು ಕೆಲಸಗಾರರಿಂದ ಅಂದಾಜನ್ನು ಪಡೆದು, ಎರಡನ್ನೂ ಒಡೆಯನ ಮುಂದಿಟ್ಟು, ಯೋಚಿಸಲು ಕೆಲವು ದಿನಗಳ ಅವಕಾಶವನ್ನು ಕೊಡಬೇಕು.

ಆತನು ಒಪ್ಪದಿದ್ದರೆ? ‘ಮಾಲೀಕರ ಜವಾಬ್ದಾರಿ’ ಎಂಬ ಫಲಕವನ್ನು ತೋರಿಸಿ ನಕ್ಕುಬಿಟ್ಟರೆ? ಅವಿನೀತರ ವಿಷಯದಲ್ಲಿ ಮಾಧ್ಯಸ್ಥ್ಯಭಾವವನ್ನು ಶಾಸ್ತ್ರವು ಬೋಧಿಸಿದೆ. ಮಾಧ್ಯಸ್ಥ್ಯವೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ, ರಾಗದ್ವೇಷಗಳಿಲ್ಲದೆ ನಿಲ್ಲುವುದು. ಹಾಗೆ ನಿಂತು ನ್ಯಾಯಸ್ಥಾನಕ್ಕೆ ಹೋಗಬಹುದು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಸೇವೆಯ ನ್ಯೂನತೆಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಕಾರಣವು ಉಂಟಾದಂದಿನಿಂದ 2 ವರ್ಷಗಳ ಅವಧಿಯಿದೆ. ರಾಯಚೂರಿನಲ್ಲಿ ಅಂತಹ ಆಯೋಗವಿದೆ. ಕೊಟ್ಟ ಹಣವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೆ ಮೊದಲು 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ ಸಂಧಾನಕ್ಕೆ ಯತ್ನಿಸುವುದು ಲೇಸು. ದೂರನ್ನು ಬರೆಯುವ ಮುನ್ನ ಒಂದು ಸಾಮಾಯಿಕದ ಹೊತ್ತು ಕುಳಿತು ತನ್ನನ್ನು ತಾನು ಕೇಳಿಕೊಳ್ಳಲಿ: ನಾನು ಬಯಸುವುದು ನಷ್ಟದ ಭರ್ತಿಯನ್ನೋ, ಆತನ ಅವಮಾನವನ್ನೋ? ಎರಡನೆಯದಾದರೆ ಲೇಖನಿಯನ್ನು ಅಂದು ಕೆಳಗಿಡಲಿ.

ಕೊನೆಗೆ ನಮ್ಮ ಪಾಲಿನ ಮಾತೂ ಇದೆ. ಅರ್ಧ ಗಂಟೆಯಲ್ಲಿ ಆಗಬೇಕು, ಅಗ್ಗವಾಗಿರಬೇಕು, ಕನ್ನಡಿಯಂತೆ ಹೊಳೆಯಬೇಕು ಎಂಬ ನಮ್ಮ ಅವಸರವೇ ಆ ಡಬ್ಬಿಯನ್ನು ಅಂಗಡಿಗೆ ತಂದಿತು. ವ್ಯರ್ಥವಾಗಿ ನೀರನ್ನು ಚೆಲ್ಲುವುದನ್ನು ಪ್ರಮಾದಚರ್ಯೆಯೆಂದು ಎಣಿಸಿದ ಸಂಪ್ರದಾಯದವರು ನಾವು. ನೀರಿನೊಂದಿಗೆ ಆಮ್ಲವೂ ಚರಂಡಿಗೆ ಹರಿದಾಗ ಅಲ್ಲಿಯ ಅಸಂಖ್ಯ ಸೂಕ್ಷ್ಮಜೀವಿಗಳ ಗತಿಯೇನೆಂದು ಹೇಳಬೇಕಾಗಿಲ್ಲ. ಅನರ್ಥದಂಡವಿರತಿಯನ್ನು ಪಾಲಿಸುವ ಮನೆಯವರು ಇಷ್ಟು ನಿಯಮವನ್ನಾದರೂ ಕೈಗೊಳ್ಳಬಹುದು: ಬಿಸಿಗಾಲಿಯನ್ನು ಆರಲು ಬಿಡುವುದು, ಮಣ್ಣನ್ನು ಬಕೀಟಿನ ನೀರಿನಲ್ಲಿ ನೆನೆಸಿ, ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್ಷುಗಳಿಂದ ಮನೆಯಲ್ಲಿಯೇ ತೊಳೆಯುವುದು, ಹೊರಗೆ ಕೊಡುವುದಾದರೆ ‘ಗಾಲಿಗೆ ಆಮ್ಲ ಬೇಡ, ಹೊತ್ತಾದರೂ ಆಗಲಿ’ ಎಂದು ಮೊದಲೇ ಹೇಳುವುದು. ಹೆಚ್ಚಿಗೆ ಹಿಡಿದ ಹೊತ್ತಿಗೆ ಹತ್ತಿಪ್ಪತ್ತು ರೂಪಾಯಿಗಳನ್ನು ಹೆಚ್ಚಿಗೆ ಕೊಡಬೇಕಾಗಿ ಬಂದರೆ, ಅದನ್ನು ಉಜ್ಜಿ ತೊಳೆದ ಆ ತರುಣನ ಕೈಗೇ ಕೊಟ್ಟು ಬರುವುದು.